ಬೀಟ್ ಬಂಡಿಯ ಮೇಲೆ ಕೂತವನು

ಎಂಬತ್ತೇಳನೇ ಇಸವಿಯ ಸಕ್ಕರೆ ಬೀಟ್ ಗಡ್ಡೆಯ ಸುಗ್ಗಿಯಲ್ಲಿ ಮಾರ್ಲೋ ಫೋರ್ಕ್ ಎಂಬ ಊರಿನಲ್ಲಿ ಯಾರು ಯಾರಿಗೆ ಸಿಕ್ಕಿದರೂ ಒಂದೇ ಮಾತು, ಕಾಲೇಜಿನ ಫುಟ್‌ಬಾಲು ತಂಡದ್ದು. ಗಡ್ಡೆ ತೂಗುವ ಕಡೆ ಅದೇ, ಚರ್ಚಿನ ಮೆಟ್ಟಿಲ ಮೇಲೆ ಅದೇ, ವರ್ನಾಳ ಹೋಟೆಲಿನಲ್ಲಿ ಕಾಫಿ ಲೋಟಗಳ ಸುತ್ತ ಅದೇ.

"ಮೂರು ಕ್ವಾರ್ಟರ್ ಗೂಳಿ ಥರ ನುಗ್ತಾರಪ್ಪ. ನಾಲ್ಕನೇದ್ರಲ್ಲಿ ಏನು ದೆವ್ವ ಬಡಿಯುತ್ತೆ ಇವರಿಗೆ?"

"ಮುಂದಿನ ಸಾಲಿನೋರಿಗೆ ಊಟ ಜಾಸ್ತಿ ಆಗಿದೆ. ಆ ಡೆಲ್ಮರ್‌ನ ನೋಡು, ಬಾಗಿಲಲ್ಲಿ ನಿಂತ್ರೆ ಗಾಳಿ ಬರಲ್ಲ."

"ಗಾಳಿ ಬರ್ದಿದ್ರೆ ಹೋಗ್ಲಿ ಬಿಡು, ಎದುರು ತಂಡದೋರು ಬರ್ತಿದಾರಲ್ಲ!"

ಆ ಸೀಮೆಯ ಫುಟ್‌ಬಾಲು ಹೆಸರಿಗಷ್ಟೇ ಕಾಲಿನ ಆಟ, ನಾಲ್ಕು ಕ್ವಾರ್ಟರ್ ಅಂದರೆ ನಾಲ್ಕು ಪಾಲಾಗಿ ಆಡುವುದು. ಅದರಲ್ಲೂ ಗೆಲ್ಲುತ್ತಿರುವ ತಂಡ ಕೊನೆಗೆ ಮಾಡಬೇಕಾದ ಕೆಲಸ ಒಂದೇ: ಚೆಂಡನ್ನು ಎಸೆಯಬಾರದು, ಕಂಕುಳಲ್ಲಿ ಒತ್ತಿಕೊಂಡು ಓಡಬೇಕು. ಎಸೆದ ಚೆಂಡು ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಓಡುವವನು ಬಿದ್ದರೆ ನಿಲ್ಲುವುದಿಲ್ಲ, ಎದುರಾಳಿಯ ಹೊತ್ತನ್ನು ತಿನ್ನುತ್ತಲೇ ಇರುತ್ತದೆ. ಹತ್ತು ಗಜ ದಾಟಿಸಿದರೆ ಚೆಂಡು ಮತ್ತೆ ನಮ್ಮದೇ. ದಾಟಿಸಲಾಗದಿದ್ದರೆ ಅವರ ಕೈಗೆ ಕೊಟ್ಟು ಬಾಯಿ ಬಾಯಿ ಬಿಡಬೇಕು. ಐದು ಜನ ದೈತ್ಯರು ಮುಂದೆ ನಿಂತು ದಾರಿ ಬಿಡಿಸುತ್ತಾರೆ, ಹಿಂದಿನಿಂದ ಒಬ್ಬ ಓಡುತ್ತಾನೆ. ಮಾರ್ಲೋ ಫೋರ್ಕ್ ಕಾಲೇಜಿಗೆ ಓಡುವವನು ಲೈಲ್ ವೈಟ್ಜೆಲ್.

ಅವನ ಮನೆತನದವರು ರಷ್ಯಾದಿಂದ ಬಂದ ಜರ್ಮನರು, ಅಜ್ಜನ ಕಾಲದಿಂದ ನೆಬ್ರಾಸ್ಕಾದ ಆ ಮೂಲೆಯಲ್ಲಿ ಬೀಟ್ ಗಡ್ಡೆಯನ್ನೇ ನಂಬಿದವರು. ಅಪ್ಪ ಎಮಿಲ್ ಸಕ್ಕರೆ ಕಾರ್ಖಾನೆಯಲ್ಲಿ ಗಡ್ಡೆ ಕತ್ತರಿಸುವ ಯಂತ್ರದ ಮುಂದೆ ನಿಲ್ಲುವವನು. ಅವ್ವ ಎಸ್ತರ್ ಎಲೆಕೋಸು, ಮಾಂಸ ತುಂಬಿ ಬೇಯಿಸಿದ ಬನ್ನಿನ ಪರಿಮಳಕ್ಕೆ ಪಕ್ಕದ ಬೀದಿಯವರೂ ಏನೋ ಒಂದು ನೆಪ ಹಿಡಿದು ಬರುತ್ತಿದ್ದರು. ಲೈಲ್ ನಡೆಯಲು ಕಲಿತದ್ದು ಬೀಟ್ ಸಾಲುಗಳ ನಡುವೆ. ಓಡಲು ಕಲಿತದ್ದೂ ಅಲ್ಲೇ, ಅಕ್ಕಂದಿರು ಅಟ್ಟಿಸಿಕೊಂಡು ಬಂದಾಗ. ಹೆಚ್ಚು ಮಾತಿನವನಲ್ಲ. ಆ ಮನೆಯಲ್ಲಿ ಮೈನೋವು ಹೇಳಿಕೊಂಡರೆ ಕೆಲಸ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದೇ ಅರ್ಥ. ಹಲ್ಲು ನೋವು ಬಂದರೂ ಕೆನ್ನೆ ಊದಿಕೊಂಡು ಯಾರಾದರೂ ನೋಡುವ ತನಕ ಸುಮ್ಮನಿರಬೇಕು.

ಸೆಪ್ಟೆಂಬರಿನ ಒಂದು ಆಟದಲ್ಲಿ ಎದುರಿನವನೊಬ್ಬ ಅವನ ಕುತ್ತಿಗೆಗೂ ಬಲಭುಜಕ್ಕೂ ನಡುವೆ ಬಂದು ಗುದ್ದಿದ್ದ. ಕುತ್ತಿಗೆಯಿಂದ ಹೆಬ್ಬೆರಳಿನ ತನಕ ಬೆಂಕಿ ಎಳೆದ ಹಾಗಾಯಿತು. ಆಮೇಲೆ ಬೆಂಕಿ ಆರಿತು, ಕೈಯೂ ಅದರ ಜೊತೆಗೇ ಆರಿತು. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಮುಂದಿನ ವಾರ ಮತ್ತೆ ಆಯಿತು, ಮತ್ತೆ ಸರಿಹೋಯಿತು, ಆದರೆ ತಡವಾಗಿ. ಅಕ್ಟೋಬರ್ ಬರುವಷ್ಟರಲ್ಲಿ ಆಟ ಶುರುವಾದಾಗ ಜೀವಂತ ಇರುತ್ತಿದ್ದ ಬಲಗೈ ನಾಲ್ಕನೇ ಕ್ವಾರ್ಟರಿನ ಹೊತ್ತಿಗೆ ಯಾರದೋ ಕೈ ತಂದು ತನ್ನ ಭುಜಕ್ಕೆ ನೇತುಹಾಕಿದಂತೆ ಮರಗಟ್ಟಿರುತ್ತಿತ್ತು.

ಬಲಕ್ಕೆ ಓಡುವವನು ಚೆಂಡನ್ನು ಬಲಗೈಯಲ್ಲೇ ಹಿಡಿಯಬೇಕು, ಗುಂಪಿನ ಕಡೆಗಲ್ಲ, ಮೈದಾನದ ಅಂಚಿನ ಗೆರೆಯ ಕಡೆಗೆ. ಚಿಕ್ಕ ಮಕ್ಕಳಿಗೂ ಕಲಿಸುವ ಪಾಠ ಅದು. ಮಾರ್ಲೋ ಫೋರ್ಕಿನ ಕೊನೆಗಾಲದ ಓಟವೆಲ್ಲ ಬಲಕ್ಕೇ. ಮುಂದಿನ ಸಾಲಿನ ಡೆಲ್ಮರ್ ಮತ್ತು ಅವನ ಪಕ್ಕದವನು ಅಲ್ಲಿ ಗೋಡೆ ಸೀಳಿದ ಹಾಗೆ ದಾರಿ ಮಾಡಿಕೊಡುತ್ತಿದ್ದರು. ಲೈಲ್‌ಗೆ ಆ ದಾರಿ ಕಾಣುತ್ತಿತ್ತು. ಆದರೆ ಸತ್ತ ಕೈಯಲ್ಲಿ ಚೆಂಡು ಹಿಡಿದು ಅಲ್ಲಿಗೆ ಹೋದರೆ ಮೊದಲ ಪೆಟ್ಟಿಗೇ ಬೀಳುತ್ತದೆ. ಅವನು ಚೆಂಡನ್ನು ಎಡಗೈಗೆ ಬದಲಾಯಿಸಿ, ತಲೆ ತಗ್ಗಿಸಿ ಒಳಗಿನ ಗುಂಪಿಗೇ ನುಗ್ಗಿ ಬಿದ್ದುಬಿಡುತ್ತಿದ್ದ. ಒಂದು ಗಜ. ಮತ್ತೆ ಒಂದು ಗಜ. ಮೇಲೆ ಕೂತು ನೋಡುವವರಿಗೆ ಕಾಣುತ್ತಿದ್ದದ್ದು ರಾಶಿ ಬಿದ್ದ ಮೈಗಳು ಮಾತ್ರ. ದಾರಿಯೇ ಬಿಟ್ಟಿಲ್ಲ ಅನ್ನುತ್ತಿದ್ದರು.

ಹೀಗೆ ಕೈಗೆ ಬಂದ ಆಟಗಳು ಒಂದೊಂದಾಗಿ ಜಾರಿದವು.

ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಗೆದ್ದ ಆಟವನ್ನು ಕೊನೆಯಲ್ಲಿ ಕಳೆದುಕೊಂಡರೆ ಸೋಮವಾರ ಮಧ್ಯಾಹ್ನ ಹಳೆಯ ಬೀಟ್ ಬಂಡಿಯೊಂದನ್ನು ಮೈದಾನಕ್ಕೆ ತರುತ್ತಿದ್ದರು. ಮುಂದಿನ ಸಾಲಿನ ಐವರೂ ಅದಕ್ಕೆ ಹೆಗಲು ಕೊಟ್ಟು ಈ ತುದಿಯಿಂದ ಆ ತುದಿಗೆ ಎಳೆಯಬೇಕು. ಬಂಡಿಯ ಮೇಲೆ ಓಡುವವನು ಕೂತಿರಬೇಕು. ಇವನನ್ನು ದಾಟಿಸುವುದು ನಿಮ್ಮ ಕೆಲಸ, ಶನಿವಾರ ಮಾಡಲಿಲ್ಲ, ಈಗ ಮಾಡಿ ಎಂದು ಅದರ ಅರ್ಥ. ಕೂತವನು ಇಳಿಯುವ ಹಾಗಿಲ್ಲ.

"ದೊರೆಗಳಿಗೆ ಕಾಫಿ ಏನಾದ್ರೂ ತರಿಸ್ಲಾ?" ಎಂದು ಮೊದಲ ಸಲ ಎಳೆಯುವಾಗ ಡೆಲ್ಮರ್ ಓಕ್ಸ್ ಕೇಳಿದ್ದ. ನಡುವೆ ನಿಂತು ಕಾಲ ಸಂದಿನಿಂದ ಚೆಂಡನ್ನು ಹಿಂದಕ್ಕೆ ಕೊಡುವವನು ಅವನು. ದನ ಸಾಕುವವರ ಮಗ, ಕಾಲೇಜಿಗೆ ಬಂದ ಮೊದಲ ದಿನದಿಂದ ಲೈಲ್‌ನ ಕೋಣೆಯ ಜೊತೆಗಾರ.

"ಮುಚ್ಕೊಂಡು ಎಳೀರೋ," ಎಂದು ಲೈಲ್ ಮೇಲಿಂದ ಹೇಳಿದ್ದ.

"ಸ್ವಲ್ಪ ಉಸಿರು ಬಿಗಿ ಹಿಡಿಯೋ, ಭಾರ ಕಮ್ಮಿ ಆಗುತ್ತೆ."

ಆಗ ಎಲ್ಲರೂ ನಕ್ಕಿದ್ದರು. ನವೆಂಬರಿನ ಸೋಮವಾರಗಳಲ್ಲಿ ಯಾರೂ ನಗಲಿಲ್ಲ. ನೆಲ ಹೆಪ್ಪುಗಟ್ಟಿತ್ತು, ಚಕ್ರ ಕಿರುಗುಟ್ಟುತ್ತಿತ್ತು. ಐದು ಬೆನ್ನುಗಳಿಂದ ಹಬೆ ಏಳುತ್ತಿದ್ದುದನ್ನು ಲೈಲ್ ನೋಡುತ್ತ ಕೂತಿರುತ್ತಿದ್ದ. ನಾಚಿಕೆ ಆಗಬೇಕು ಎಂದು ತಿಳಿಯುತ್ತಿತ್ತು. ಅದು ಬಂದೀತೆಂದು ಕಾಯುತ್ತಿದ್ದ. ಬರುತ್ತಿರಲಿಲ್ಲ. ಕೈಯ ಜೋಮು ಮೇಲಕ್ಕೆ ಹತ್ತಿ ಎದೆಯ ತನಕ ಬಂದು ಅಲ್ಲೇ ಮಲಗಿದ ಹಾಗಿತ್ತು.

ಕೊನೆಯ ಆಟದ ವಾರ ಕೋಚ್ ಪರ್ಸೆಲ್ ಎಲ್ಲರೆದುರೇ ಹೇಳಿಬಿಟ್ಟ.

"ಓಕ್ಸ್, ಶನಿವಾರ ನೀನು ಬೆಂಚಲ್ಲಿ ಕೂತ್ಕೊ. ನಡುವಿನ ಜಾಗಕ್ಕೆ ಬೇರೆಯವನು ನಿಲ್ತಾನೆ. ಕೊನೇಲಿ ನಿನ್ನ ಕಾಲು ಬಿದ್ದುಹೋಗ್ತಿದೆ."

"ಕಾಲಿಗೇನೂ ಆಗಿಲ್ಲ ಕೋಚ್."

"ಹಾಗಾದ್ರೆ ದಾರಿ ಎಲ್ಲಿ ಹೋಗ್ತಿದೆ? ಇಲಿ ತಿಂತಿದೆಯಾ?"

ಬಟ್ಟೆ ಬದಲಿಸುವ ಕೋಣೆಯಲ್ಲಿ ಬೂಟಿನ ದಾರ ಬಿಚ್ಚುತ್ತ ಲೈಲ್‌ನ ಪಕ್ಕ ಡೆಲ್ಮರ್ ಕೂತಿದ್ದ.

"ಅಪ್ಪ ಬರ್ತಿದಾರೆ ಕಣೋ," ಎಂದ. "ನಾಲ್ಕು ವರ್ಷದಲ್ಲಿ ಮೊದಲ್ನೇ ಸಲ. ದನಕ್ಕೆ ಮೇವು ಹಾಕೋಕೆ ಪಕ್ಕದ ಮನೆಯೋರನ್ನ ಒಪ್ಪಿಸಿದಾರೆ. ನಾನು ಬೆಂಚಲ್ಲಿ ಕೂರೋದನ್ನ ನೋಡೋಕೆ ಅಷ್ಟು ದೂರ ಬರ್ಬೇಕಾ? ಕೂರೋದನ್ನ ಮನೇಲೇ ತೋರಿಸ್ತಿದ್ದೆ."

ಲೈಲ್ ಬಾಯಿ ತೆರೆದ. ನನ್ನ ಕೈ ಎಂದು ಶುರು ಮಾಡಿದರೆ ಸಾಕಿತ್ತು. "ಕೋಚ್ ಮನಸ್ಸು ಬದಲಾಯಿಸಬಹುದು," ಎಂದ.

"ಹೂಂ. ಹಂದಿ ಹಾರಬಹುದು," ಎಂದು ಡೆಲ್ಮರ್ ಎದ್ದುಹೋದ.

ಅಂದು ಸಂಜೆ ಲೈಲ್ ಊಟಕ್ಕೆ ಮನೆಗೆ ಹೋದ. ಅವ್ವ ಒಲೆಯಿಂದ ತೆಗೆದಿಟ್ಟ ಬನ್ನಿನ ತಟ್ಟೆಯನ್ನು ಮೇಜಿಗೆ ತರಲೆಂದು ಹಿಡಿದ. ಎರಡು ಹೆಜ್ಜೆ ಬಂದಿದ್ದನಷ್ಟೆ.

"ಲೈಲ್! ಕೈ! ಕೈ ಸುಡ್ತಿದೆ, ಬಿಡೋ ಅದನ್ನ!"

ಎಡಗೈಗೆ ಬಟ್ಟೆ ಇತ್ತು. ಬಲಗೈಗೆ ಇರಲಿಲ್ಲ. ಹೆಬ್ಬೆರಳ ಚರ್ಮ ಬಿಳಿಚಿ ಎದ್ದಿತ್ತು. ಈಚೆಗೆ ಆ ಬೆರಳಿನ ಜೋಮು ಆಟ ಮುಗಿದ ಮೇಲೂ ಬಿಡುತ್ತಿರಲಿಲ್ಲ, ಅವನಿಗೆ ಗೊತ್ತೇ ಆಗಿರಲಿಲ್ಲ. ಎಸ್ತರ್ ಬೆರಳನ್ನು ತಣ್ಣೀರಿನ ಕೆಳಗೆ ಹಿಡಿದು ಗಂಡನ ಮುಖ ನೋಡಿದಳು.

"ಇವನಿಗೆ ಏನೂ ಗೊತ್ತಾಗ್ತಿಲ್ಲ ಎಮಿಲ್. ಡಾಕ್ಟ್ರಿಗೆ ತೋರಿಸ್ಬೇಕು."

"ಒಂದೇ ಒಂದು ಆಟ ಉಳ್ದಿದೆ," ಎಂದ ಎಮಿಲ್ ಬನ್ನು ಮುರಿಯುತ್ತ. "ಕಾರ್ಖಾನೇಲಿ ಯಾರ ಕೈ ಜೋಮು ಹಿಡಿಯಲ್ಲ? ನನ್ನ ಬೆನ್ನು ಎಷ್ಟು ವರ್ಷದಿಂದ ನೋಯ್ತಿದೆ, ಯಾರಿಗಾದ್ರೂ ಹೇಳಿದೀನಾ?"

"ಈಗ ಹೇಳಿದ್ರಲ್ಲ. ಹೋದ ವಾರವೂ ಹೇಳಿದ್ರಿ."

"ಅದು ಮನೆಯೊಳಗೆ!"

ಅಲ್ಲಿಗೆ ಆ ಮಾತು ಮುಗಿಯಿತು. ಲೈಲ್ ಎಡಗೈಯಲ್ಲಿ ಊಟ ಮಾಡಿದ. ಡಾಕ್ಟರಿಗೆ ತೋರಿಸಿದರೆ ತನಗೆ ಆಟವಿಲ್ಲ. ತೋರಿಸದಿದ್ದರೆ ಡೆಲ್ಮರ್‌ಗೆ ಇಲ್ಲ. ಎರಡನ್ನೂ ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದ. ಯಾವುದೂ ಭಾರ ಅನ್ನಿಸಲಿಲ್ಲ, ಅದೇ ಅವನಿಗೆ ವಿಚಿತ್ರವಾಗಿ ಕಂಡದ್ದು.

ಶನಿವಾರ ಆಟಕ್ಕೆ ಮೊದಲು, ಕಾಲೇಜು ಮುಗಿಸುವ ಹುಡುಗರು ಅಪ್ಪ ಅವ್ವಂದಿರ ಜೊತೆ ಮೈದಾನದ ನಡುವಿಗೆ ನಡೆದು ಬರುವ ಶಾಸ್ತ್ರ. ಡೆಲ್ಮರ್‌ನ ಅಪ್ಪ ಮಡಿಕೆ ಬಿಡದ ಹೊಸ ಅಂಗಿ ತೊಟ್ಟು, ಹ್ಯಾಟನ್ನು ಎದೆಗೊತ್ತಿ ನಡೆದ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅಪ್ಪ ಮೇಲೆ ಹೋಗಿ ಕೂತ, ಮಗ ಕೆಳಗೆ ಬೆಂಚಿನಲ್ಲಿ ಕೂತ.

ಆಟ ಎಂದಿನಂತೆಯೇ ನಡೆಯಿತು. ಮೂರನೇ ಕ್ವಾರ್ಟರ್ ಮುಗಿದಾಗ ಮಾರ್ಲೋ ಫೋರ್ಕ್ ಮುಂದಿತ್ತು. ನಾಲ್ಕನೆಯದು ಶುರುವಾಗುವಾಗ ಆ ಊರಿನಲ್ಲಿ ಎಲ್ಲರೂ ಬಲಗೈ ಎತ್ತಿ ನಾಲ್ಕು ಬೆರಳು ತೋರಿಸುತ್ತಾರೆ, ಇದು ನಮ್ಮದು ಅನ್ನುವ ಹಾಗೆ. ಆಟಗಾರರು ತೋರಿಸಿದರು, ವಾದ್ಯದವರು ತೋರಿಸಿದರು, ಕಂಬಳಿ ಹೊದ್ದ ಮುದುಕಿಯರು ತೋರಿಸಿದರು. ಲೈಲ್ ಎಡಗೈಯಿಂದ ಬಲ ಮೊಣಕೈಗೆ ಆಸರೆ ಕೊಟ್ಟು ಎತ್ತಿದ.

"ಲೋ, ನಾಲ್ಕು ಕಣೋ, ಐದಲ್ಲ," ಎಂದ ಪಕ್ಕದಲ್ಲಿ ನಿಂತಿದ್ದ ಡೆಲ್ಮರ್. "ಡಿಗ್ರಿ ಕೊಡ್ತಿದಾರೆ ನಿಂಗೆ, ಎಣಿಸೋಕೆ ಬರಲ್ವಾ? ಹೆಬ್ಬೆರಳು ಮಡಚು."

"ಮಡಚಿದೀನಿ."

"ಮಡಚಿಲ್ಲ."

ಲೈಲ್ ತಲೆ ಎತ್ತಿ ನೋಡಿದ. ಹೆಬ್ಬೆರಳು ಪಟ್ಟಿ ಸುತ್ತಿಕೊಂಡು ಹೊರಗೇ ನಿಂತಿತ್ತು. ಡೆಲ್ಮರ್ ಆ ಕೈಯನ್ನು ಕೆಳಗೆಳೆದು, ಹೆಬ್ಬೆರಳನ್ನು ತಾನೇ ಅಂಗೈಗೆ ಒತ್ತಿ ಬಿಟ್ಟ. ಅದು ಮೆಲ್ಲಗೆ ಬಿಚ್ಚಿಕೊಂಡಿತು. ಇನ್ನೊಮ್ಮೆ ಒತ್ತಿದ. ಇನ್ನೊಮ್ಮೆ ಬಿಚ್ಚಿಕೊಂಡಿತು. ಡೆಲ್ಮರ್‌ನ ಮುಖದಲ್ಲಿದ್ದ ನಗು ಇಳಿದುಹೋಯಿತು.

"ಎಷ್ಟು ದಿನದಿಂದ?"

"ಸೆಪ್ಟೆಂಬರಿಂದ."

ಡೆಲ್ಮರ್ ಏನನ್ನೋ ಲೆಕ್ಕ ಹಾಕುವವನ ಹಾಗೆ ಮೈದಾನದ ಆ ತುದಿಯನ್ನು ನೋಡಿದ. "ನಾನು ಬಾಯಿ ಬಿಡಲ್ಲ," ಎಂದ. "ನೀನು ಏನು ಮಾಡ್ತೀಯೋ ಮಾಡು." ಹೋಗಿ ಬೆಂಚಿನ ತುದಿಯಲ್ಲಿ ಕೂತ.

ಲೈಲ್ ಮೈದಾನಕ್ಕೆ ಹೋದ. ಬಲಕ್ಕೆ ಓಟ ಎಂದು ಹೇಳಿ ಕಳಿಸಿದ್ದರು. ಚೆಂಡು ಬಂತು, ದಾರಿ ಬಿಟ್ಟಿತು. ಹೊಸಬನೂ ಚೆನ್ನಾಗಿಯೇ ಬಿಡಿಸಿದ್ದ. ಲೈಲ್ ಚೆಂಡನ್ನು ಎಡಗೈಗೆ ಬದಲಿಸಿ ಒಳಗೆ ನುಗ್ಗಿ ಬಿದ್ದ. ಒಂದು ಗಜ. ಎದ್ದು ನೋಡಿದರೆ ಕೋಚ್ ಗೆರೆಯ ಆಚೆಯಿಂದ ಆ ಹೊಸಬನಿಗೆ ಕಿರುಚುತ್ತಿದ್ದ: "ನಿನ್ನ ಕಾಲಿಗೂ ಬಂತೇನೋ ರೋಗ?" ಹುಡುಗ ತನ್ನ ಕಾಲನ್ನೇ ನೋಡಿಕೊಂಡ, ನಿಜವಾಗಿಯೂ ಏನಾದರೂ ಆಗಿದೆಯೇ ಎಂಬಂತೆ.

ಲೈಲ್ ಕೈ ಸನ್ನೆ ಮಾಡಿ ಹೊರಗೆ ನಡೆದ.

"ಕೈ ಸತ್ತಿದೆ ಕೋಚ್. ಬಲಗೈ. ದಾರಿ ಇತ್ತು. ಯಾವಾಗ್ಲೂ ಇತ್ತು. ನಾನೇ ಹೋಗ್ಲಿಲ್ಲ."

"ಏನಂದೆ?"

"ಡೆಲ್ಮರ್‌ನ ಕಳ್ಸಿ. ನನ್ನ ಬಿಟ್ಟು ಬೇರೆ ಯಾರನ್ನಾದ್ರೂ ಓಡ್ಸಿ."

ಪರ್ಸೆಲ್ ಅವನ ಕೈ ಹಿಡಿದು ಹೆಬ್ಬೆರಳಿನ ಬುಡದಲ್ಲಿ ಉಗುರು ಊರಿದ. ಲೈಲ್ ಅವನ ಮುಖವನ್ನೇ ನೋಡುತ್ತಿದ್ದ. ರಕ್ತ ಕಂಡಾಗ ಪರ್ಸೆಲ್ ಕೈ ಬಿಟ್ಟ.

"ವಾರ ವಾರ ಆ ಹುಡುಗರ ಕೈಲಿ ಬಂಡಿ ಎಳೆಸಿದೀನಲ್ಲೋ ನಾನು," ಎಂದ. ದನಿ ಏರಲಿಲ್ಲ. "ನೀನು ಮೇಲೆ ಕೂತು ನೋಡ್ತಿದ್ದೆ."

"ಹೌದು ಕೋಚ್."

"ಓಕ್ಸ್! ಸಾಲಾಸ್! ಒಳಗೆ ಹೋಗಿ."

ರಿಕಿ ಸಾಲಾಸ್ ಆ ವರ್ಷವೆಲ್ಲ ನಾಲ್ಕು ಸಲ ಚೆಂಡು ಮುಟ್ಟಿದ್ದರೆ ಹೆಚ್ಚು. ಡೆಲ್ಮರ್ ಬಗ್ಗಿ ಚೆಂಡು ಕೊಟ್ಟ, ಎದುರಿದ್ದವನನ್ನು ಬಾಗಿಲು ತೆರೆದ ಹಾಗೆ ಪಕ್ಕಕ್ಕೆ ಸರಿಸಿದ. ಸಾಲಾಸ್ ಬಲಕ್ಕೆ ಓಡಿದ. ಏಳು ಗಜ. ಮತ್ತೆ ಬಲಕ್ಕೆ. ಹತ್ತು ದಾಟಿತು. ಎದುರಿನವರಿಗೆ ಬಲಕ್ಕೇ ಬರುತ್ತಾರೆ ಎಂದು ಗೊತ್ತಿತ್ತು, ಗೊತ್ತಿದ್ದೂ ತಡೆಯಲಾಗಲಿಲ್ಲ. ಮೇಲೆ ಕೂತಿದ್ದವರೆಲ್ಲ ಎದ್ದು ನಿಂತರು. ಗಡಿಯಾರ ತಿಂದು ತಿಂದು ಖಾಲಿಯಾಯಿತು. ಗೆದ್ದರು.

ಲೈಲ್ ಬೆಂಚಿನಲ್ಲಿ ಕೂತು ಎಲ್ಲವನ್ನೂ ನೋಡಿದ. ಆ ದಾರಿ ಎಷ್ಟು ಅಗಲ ಇತ್ತೆಂದು ಊರೆಲ್ಲ ನೋಡಿತು. ಅಪ್ಪ ಎಮಿಲ್ ಮೆಟ್ಟಿಲಿಳಿದು ಹಿಂದೆ ನೋಡದೆ ಗಾಡಿ ನಿಲ್ಲಿಸಿದ್ದ ಕಡೆಗೆ ಹೋದ. ಅವ್ವ ಮಾತ್ರ ಬೇಲಿಯ ಹತ್ತಿರ ಚೀಲ ಹಿಡಿದು ನಿಂತಿದ್ದಳು. ಇನ್ನು ಅಳು ಬರುತ್ತದೆ ಅಂದುಕೊಂಡ ಲೈಲ್. ಮೂಗು ಸ್ವಲ್ಪ ಸೋರಿತು. ಅದು ಚಳಿಗೆ.

ಡೆಲ್ಮರ್ ಅಪ್ಪನನ್ನು ತಬ್ಬಿಕೊಂಡ, ಸಾಲಾಸ್‌ನ ತಲೆಗೆ ಮೊಟಕಿದ, ಸಾಲಿನ ಹುಡುಗರಿಗೆ ಒಬ್ಬೊಬ್ಬರಿಗೂ ಕೈ ಕೊಡುತ್ತ ಬೆಂಚಿನ ತುದಿಗೆ ಬಂದ. ಲೈಲ್ ಎದ್ದು ನಿಂತ. ಡೆಲ್ಮರ್ ಬೇಕೆಂದೇ ಬಲಗೈ ಚಾಚಿದ. ಲೈಲ್ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಅವನ ಅಂಗೈಯೊಳಗೆ ಇಟ್ಟ. ಡೆಲ್ಮರ್‌ನ ದಪ್ಪ ಬೆರಳುಗಳು ಅದರ ಸುತ್ತ ಮುಚ್ಚಿಕೊಂಡವು. ಮೂಳೆ ನುರಿಯುವ ಹಾಗೆ ಹಿಸುಕಿದನೋ, ಹಳೆಯ ಗೆಳೆಯನ ಕೈ ಹಿಡಿಯುವಂತೆ ಹಿಡಿದನೋ, ಸುಮ್ಮನೆ ಮುಟ್ಟಿ ಬಿಟ್ಟನೋ ಲೈಲ್‌ಗೆ ಗೊತ್ತಾಗಲಿಲ್ಲ. ಕೈಯನ್ನೇ ನೋಡಿದ. ನೋಡಿದರೆ ಗೊತ್ತಾಗುವಂಥದ್ದಲ್ಲ ಅದು. ಆಮೇಲೆ ಡೆಲ್ಮರ್ ಅಪ್ಪನ ಕಡೆ ಹೊರಟುಹೋದ.

ವಸಂತ ಬರುವಷ್ಟರಲ್ಲಿ ಕೈಗೆ ಜೀವ ಬಂತು, ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳನ್ನು ಬಿಟ್ಟು. ಲೈಲ್ ಈಗ ಬೀಟ್ ತೂಗುವ ಕಟ್ಟೆಯಲ್ಲಿ ಕೆಲಸ ಮಾಡುತ್ತಾನೆ. ಡೆಲ್ಮರ್ ದನದ ಜೊತೆಗೆ ಬೀಟನ್ನೂ ಹಾಕಿದ್ದಾನೆ. ಸುಗ್ಗಿಯಲ್ಲಿ ಲಾರಿ ತರುತ್ತಾನೆ. ಹವೆ, ಕೆಸರು, ಮೊಮ್ಮಕ್ಕಳು ಎಲ್ಲ ಮಾತಾಡುತ್ತಾರೆ. ಅಂದು ಎಷ್ಟು ಬಿಗಿಯಾಗಿ ಹಿಡಿದೆ ಎಂದು ಗಂಡಸೊಬ್ಬ ಇನ್ನೊಬ್ಬ ಗಂಡಸನ್ನು ಕೇಳುವುದು ಹೇಗೆ? ಲೈಲ್ ತೂಕದ ಚೀಟಿಯನ್ನು ಎಡಗೈಯಿಂದ ಕಿಟಕಿಯಲ್ಲಿ ಕೊಡುತ್ತಾನೆ, ಲಾರಿ ಮುಂದಕ್ಕೆ ಹೋಗುತ್ತದೆ.