ಶಿಡ್ಲಘಟ್ಟದ ಚರಕದ ಮನೆಯಲ್ಲಿ ಒಂದು ಪರೀಕ್ಷೆ

ಕೈಕಟ್ಟಿ ನಿಂತ ಮನುಷ್ಯರನ್ನು ಕಂಡರೆ ನನ್ನ ಮೇಲಧಿಕಾರಿಗೆ ಆಗುತ್ತಿರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಸರ್ಕಾರಕ್ಕೆ ಉತ್ಪಾದಕತೆಯ ಬಗ್ಗೆ ಸಲಹೆ ಕೊಡುತ್ತಿದ್ದ ಅರ್ಥಶಾಸ್ತ್ರಜ್ಞರು ಅವರು; ನಾನು ಅವರ ಕೈಕೆಳಗಿನವನು. ಗೌರಿಬಿದನೂರು ಸ್ಟೇಷನ್ನಿನಲ್ಲಿ ಟೀ ಕುಡಿಯುತ್ತಿದ್ದ ಹಮಾಲಿಯನ್ನು ತೋರಿಸಿ, "ನೋಡ್ರೀ, ದೇಶ ಹಾಳಾಗ್ತಿರೋದೇ ಹಿಂಗೆ" ಅಂದಿದ್ದರು. ಅವರ ಕೈಯಲ್ಲೂ ಟೀ ಲೋಟವಿತ್ತು.

ಶಿಡ್ಲಘಟ್ಟದಲ್ಲಿ ಸರ್ಕಾರ ಹೊಸ ರೇಷ್ಮೆ ಕಾರ್ಖಾನೆ ತೆರೆಯುವುದಿತ್ತು. ಅಲ್ಲಿ ಒಬ್ಬ ಕೆಲಸಗಾರ್ತಿ ದಿನಕ್ಕೆ ಎಷ್ಟು ನೂಲು ತೆಗೆಯಬೇಕೆಂದು ನಾವು ಗೊತ್ತುಮಾಡಬೇಕಿತ್ತು. ಅದಕ್ಕಾಗಿ ಸಾಬರೊಬ್ಬರ ಚರಕದ ಮನೆಯಲ್ಲಿ ಪರೀಕ್ಷೆ ಇಟ್ಟೆವು. ಚರಕಕ್ಕೆ ಇಬ್ಬರು ಬೇಕು. ಒಬ್ಬರು ಕುದಿನೀರಿನ ಬಾಣಲೆಯ ಮುಂದೆ ಕೂತು ರೇಷ್ಮೆಗೂಡುಗಳಿಂದ ಎಳೆ ಹಿಡಿದು ಕೊಡುತ್ತಾರೆ, ಇನ್ನೊಬ್ಬರು ರಾಟೆ ತಿರುಗಿಸುತ್ತಾರೆ. ಎಳೆ ಕಡಿದಾಗ ಕೂತವರು "ನಿಲ್ಸು" ಅಂದರೆ ರಾಟೆ ನಿಲ್ಲಬೇಕು. ಆ ಗಳಿಗೆಯಲ್ಲಿ ಪಕ್ಕದ ತಣ್ಣೀರಿನಲ್ಲಿ ಬೆರಳು ಅದ್ದಿಕೊಂಡು ಮತ್ತೆ ಬಿಸಿಗೆ ಕೈಹಾಕುತ್ತಾರೆ.

ಪರೀಕ್ಷೆಗೆ ಬಂದವಳು ಗಂಡ ಬಿಟ್ಟ ಹೆಂಗಸು. ರಾಟೆ ತಿರುಗಿಸಲು ಅವಳ ತಾಯಿ ಬಂದಿದ್ದಳು. "ಪಾಸಾದ್ರೆ ಪರ್ಮನೆಂಟ್ ಕೆಲಸ ತಾನೆ ಸಾರ್? ಅಮ್ಮನ್ನ ಮನೇಲಿ ಕೂರಿಸ್ಬೇಕು, ಅವ್ಳ ಕೈಲಿ ಆಗ್ತಿಲ್ಲ" ಎಂದು ನನ್ನನ್ನು ಕೇಳಿದಳು. ಹೌದಮ್ಮ ಎಂದೆ.

ನನ್ನ ಮೇಲಧಿಕಾರಿ ಸಾಹೇಬರ ಕಣ್ಣು ತಣ್ಣೀರಿನ ಮೇಲೆ ಬಿತ್ತು. ಸೋಮಾರಿತನ ಇರುವುದು ಅಲ್ಲೇ ಎಂದು ಅದನ್ನು ಎತ್ತಿಸಿಬಿಟ್ಟರು. ಮುದುಕಿಯನ್ನು ಹೊರಗೆ ಕಳಿಸಿ ಗಟ್ಟಿಮುಟ್ಟಾದ ಆಳೊಬ್ಬನನ್ನು ರಾಟೆಗೆ ನಿಲ್ಲಿಸಿ, ಅವಳ ಕಡೆ ತಿರುಗಿ, "ನಿಲ್ಸು ಅನ್ನೋರು ಕಾರ್ಖಾನೆಗೆ ಬರೋದು ಬೇಡ" ಅಂದರು.

"ಸಾರ್, ಅದು ಕುದಿಯೋ ನೀರು" ಎಂದೆ.

"ನೀವೇನ್ರೀ, ಸಲಹೆಗಾರರೋ, ಆಸ್ಪತ್ರೆ ದಾದಿಯೋ?"

ಸಂಜೆಯವರೆಗೂ ಅವಳು "ನಿಲ್ಸು" ಅನ್ನಲಿಲ್ಲ. ಎಳೆ ಕಡಿದಾಗಲೆಲ್ಲ, ರಾಟೆ ಓಡುತ್ತಿದ್ದಂತೆಯೇ, ಹೊಸ ಎಳೆ ಸೇರಿಸಿದಳು. ಸಾಹೇಬರು ನೋಡಿದಾಗಲೆಲ್ಲ ನಕ್ಕಳು. ಅಷ್ಟು ನೂಲನ್ನು ಆ ಚರಕದಲ್ಲಿ ಯಾರೂ ತೆಗೆದಿರಲಿಲ್ಲವಂತೆ. ಸಾಹೇಬರು ಖುಷಿಯಾಗಿ ಚಿಕ್ಕಬಳ್ಳಾಪುರದ ಪ್ರವಾಸಿ ಬಂಗಲೆಯಲ್ಲಿ ಕೋಳಿ ಸಾರು ಮಾಡಿಸಿದರು.

ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಕೆಲಸಗಾರ್ತಿಯರ ಆಯ್ಕೆ. ಕೈಯಲ್ಲಿ ಗಾಯವಿದ್ದವರನ್ನು ತೆಗೆದುಕೊಳ್ಳಬಾರದು, ಕಿತ್ತ ಚರ್ಮಕ್ಕೆ ಎಳೆ ಸಿಕ್ಕಿ ರೇಷ್ಮೆ ಹಾಳಾಗುತ್ತದೆ ಎಂಬ ನಿಯಮವನ್ನು ಮಾಡಿದ್ದವರು ಸಾಹೇಬರೇ. ಅವಳು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದ ಕೈ ಚಾಚಿದಳು. ಬೆರಳುಗಳ ಚರ್ಮ ಸುಲಿದು ಬಂದಿತ್ತು. ಅವರು ಮುಟ್ಟದೆ, ಪೆನ್ಸಿಲ್ಲಿನ ತುದಿಯಿಂದ ಅಂಗೈ ಮಗುಚಿ ನೋಡಿ, "ಆಗಲ್ಲಮ್ಮ. ಮುಂದಿನವರು ಬನ್ನಿ" ಅಂದರು.

ಹೊರಗೆ ತಾಯಿ ಅವಳ ಬೆನ್ನಿಗೆ ಗುದ್ದಿದಳು. "ನಿಲ್ಸು ಅನ್ನಕ್ಕೆ ಬಾಯಿರ್ಲಿಲ್ವೇನೇ?"

"ಅಂದಿದ್ರೆ ಕೆಲಸ ಸಿಗ್ತಿರ್ಲಿಲ್ಲ ಕಣಮ್ಮ."

ಮುದುಕಿ ಮತ್ತೆ ಗುದ್ದಿದಳು. ಆಮೇಲೆ ಇಬ್ಬರೂ ಸಾಬರ ಚರಕದ ಮನೆಯ ಕಡೆಗೇ ನಡೆದರು. ಅವಳ ಕೈ ಬಾಣಲೆಗೆ ಇಳಿಯುವಂತಿರಲಿಲ್ಲ, ಆದರೂ ಹೊಟ್ಟೆ ಕೇಳಬೇಕಲ್ಲ.

ನನಗೆ ಸಿಟ್ಟು ತಡೆಯಲಾಗಲಿಲ್ಲ. ಜೀಪು ಹತ್ತಿದೊಡನೆ, "ಕೈ ಸುಟ್ಟುಕೊಂಡು ತೆಗೆದ ನೂಲು ಸಾರ್. ಅವಳೇ ಬೇಡ ಅಂತ ನೀವು ಅಂದಮೇಲೆ ಆ ಲೆಕ್ಕಾನೂ ಹೊಡೆದುಹಾಕಿ" ಎಂದೆ.

ಸಾಹೇಬರು ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದರು. "ಹೆಂಗಸು ಬೇಡ ಅಂದೆ ಕಣ್ರೀ. ಲೆಕ್ಕ ಬೇಡ ಅಂದ್ನಾ?"

ಅವಳ ಆ ಒಂದು ದಿನದ ದುಡಿಮೆಯೇ ಕಾರ್ಖಾನೆಯಲ್ಲಿ ಪ್ರತಿಯೊಬ್ಬಳೂ ದಿನಕ್ಕೆ ತೆಗೆಯಬೇಕಾದ ನೂಲಿನ ಮಟ್ಟವಾಯಿತು. ಅದರ ಹೆಸರಿನಲ್ಲಿ ಸಾಹೇಬರಿಗೆ ದೆಹಲಿಯಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ಅರವತ್ತರ ದಶಕದಲ್ಲಿ ನಾನು ಆ ಕಾರ್ಖಾನೆಗೆ ಹೋದಾಗ, ಬಾಣಲೆಯ ಮುಂದಿನ ಹುಡುಗಿಯೊಬ್ಬಳು ಸುಟ್ಟ ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತ ಕೂತಿದ್ದಳು. ಸೂಪರ್‌ವೈಸರ್ ಗದರಿದ: "ನಿಮ್ಮೂರ ಹೆಂಗಸೇ ಮಾಡಿ ತೋರ್ಸಿದ್ದಾಳೆ. ನಿನಗೇನೇ ಧಾಡಿ?"