ಚಳ್ಳಕೆರೆಯ ಮಗಳು

ತೊಂಬತ್ತರ ದಶಕದಲ್ಲಿ ಚಳ್ಳಕೆರೆ ಬಸ್ ನಿಲ್ದಾಣದ ಪಕ್ಕದಲ್ಲಿ ಒಬ್ಬ ಅವ್ವ ಟೀ ಅಂಗಡಿ ಇಟ್ಟುಕೊಂಡಿದ್ದಳು. ಸುತ್ತಲಿನ ಹುಲ್ಲುಗಾವಲಿನ ಹಳ್ಳಿಗಳ ಜನ ತಾಲ್ಲೂಕು ಕಚೇರಿಗೆ, ಎಣ್ಣೆ ಗಿರಣಿಗೆ, ಕಂಬಳಿ ಸಂತೆಗೆ ಬಂದು, ಸಂಜೆ ತಮ್ಮೂರಿಗೆ ಹೊರಟುಬಿಡುತ್ತಿದ್ದರು. ಅದು ಬಂದುಹೋಗುವವರ ಊರು. ಅವ್ವ ಮಾತ್ರ ಲೋಟದ ತಳವನ್ನು ಸೆರಗಿನಿಂದ ಒರೆಸಿ ಕೊಡುತ್ತಾ, "ಕುಂತು ಕುಡೀರಿ, ನಿಮ್ಮೂರು ಎಲ್ಲಿಗೂ ಓಡೋಗಲ್ಲ" ಎನ್ನುತ್ತಿದ್ದಳು.

ಒಂದು ಸಂತೆಯ ದಿನ ಉಳ್ಳಾರ್ತಿ ಕಡೆಯ ಕುರಿಗಾಹಿ ಹೆಂಗಸೊಬ್ಬಳಿಗೆ ನಿಲ್ದಾಣದಲ್ಲೇ ಹೆರಿಗೆ ನೋವು ಶುರುವಾಯಿತು. ಆಸ್ಪತ್ರೆಗೆ ಕರೆದೊಯ್ಯಲು ಗಂಡ ಆಟೋ ಹುಡುಕಿಕೊಂಡು ಓಡಿದ. ಆದರೆ ಮಗು ಅಷ್ಟು ಹೊತ್ತು ಕಾಯುವಂತಿರಲಿಲ್ಲ. ಅವ್ವ ಒಲೆಯ ಮೇಲಿದ್ದ ಹಾಲನ್ನು ಇಳಿಸಿ ನೀರಿಟ್ಟಳು. ಕಂಬಳಿ ಮಾರುವವರತ್ತ ತಿರುಗಿ ಕೂಗಿದಳು:

"ಲೇ, ಕಂಬಳಿ ಬಿಚ್ಚಿ ಸುತ್ತಾ ಹಿಡ್ಕಳ್ರೋ! ಮಕ ಆ ಕಡೆ ತಿರುಗಿಸ್ರೋ!"

ಗಂಡಸರೆಲ್ಲ ಬೆನ್ನು ತಿರುಗಿಸಿ ನಿಂತು ಕರಿ ಕಂಬಳಿಗಳ ಗೋಡೆ ಕಟ್ಟಿದರು. ಬಸ್ಸಿಗೆ ಕಾಯುತ್ತಿದ್ದ ನಾನೂ ಒಂದು ತುದಿ ಹಿಡಿದಿದ್ದೆ. ಹೊರಡಲಿದ್ದ ಬಸ್ಸಿನ ಡ್ರೈವರ್ ಎಂಜಿನ್ ಆರಿಸಿದ. ಸ್ವಲ್ಪ ಹೊತ್ತಿಗೆ ಕಂಬಳಿಗಳ ಒಳಗಿಂದ ಕೂಸಿನ ಅಳು ಕೇಳಿಸಿತು.

ಆಟೋ ತಂದ ಗಂಡ ಕಂಗಾಲಾಗಿ ಒಳನುಗ್ಗಿದ. ಹೆಂಡತಿ ದಣಿದ ಮುಖದಲ್ಲೇ ನಕ್ಕಳು. ಅವ್ವ ಹೊಸ ಕಂಬಳಿಯಲ್ಲಿ ಸುತ್ತಿದ ಕೂಸನ್ನು ಅವನ ಕೈಗಿಟ್ಟು ಹೇಳಿದಳು:

"ತಗಳಪ್ಪಾ, ನಮ್ಮೂರ ಹೆಣ್ಣುಮಗಳು. ಆಗಾಗ ತವರಿಗೆ ಕರ್ಕಂಡು ಬಾ."