ಬೆಡೋಸ್ ತೋರಿಸಿದ ಅರ್ಧ ಊರು

ಎಡ್ಗರ್ ಬೆಡೋಸ್ ಲಡ್ಲೋ ಎಂಬ ನಮ್ಮ ಹಳೆಯ ಕೋಟೆಯೂರಿನಲ್ಲಿ ಕ್ಷೌರದಂಗಡಿ ಇಟ್ಟಿದ್ದವರು. ಅದನ್ನು ಮುಚ್ಚಿದ ಮೇಲೆ, ಸಂತೆಯ ದಿನ ಹೊರಗಿನಿಂದ ಬಂದವರಿಗೆ ಊರು ತೋರಿಸುತ್ತಾರೆ. ಕೋಟೆ ಮುಂದಿನ ಚೌಕದಲ್ಲಿ ನಾನು ಚೀಸ್ ಮಾರುತ್ತೇನೆ. ಅವರ ಗುಂಪು ಹೊರಡುವುದು ಅಲ್ಲಿಂದಲೇ.

ವಸಂತದಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಕ್ಲಿಫರ್ಡ್, ಮ್ಯೂರಿಯಲ್ ಎಂಬ ವಯಸ್ಸಾದ ದಂಪತಿ ಬಂದಿದ್ದರು. ಮ್ಯೂರಿಯಲ್ ಆಯಸ್ಸಿಡೀ ಪಬ್ ನಡೆಸಿದವಳು, ಬಾಯಿ ಜೋರು.

"ಏನ್ರೀ ಬೆಡೋಸ್, ಈ ಕೋಟೆ ಕಟ್ಟಿದೋರಿಗೂ ನೀವೇ ಕ್ಷೌರ ಮಾಡಿದ್ರಾ?"

"ಹೂಂ ಕಣಮ್ಮ. ಒಬ್ರೂ ತಲೆ ನೆಟ್ಟಗೆ ಹಿಡೀತಿರ್ಲಿಲ್ಲ."

ಗುಂಪೆಲ್ಲ ನಕ್ಕಿತು. ನನ್ನ ಅಂಗಡಿಗೆ ಕಾಣುವ ಮುಂದಿನ ಬೀದಿಗೆ ತಿರುಗುವಾಗ "ತಾಳಿ, ಕಾಲು ಯಾಕೋ ಮಾತು ಕೇಳ್ತಿಲ್ಲ" ಎಂದು ಆಕೆ ಮೆಟ್ಟಿಲ ಮೇಲೆ ಕೂತಳು. ಆಮೇಲೆ ಬಂದದ್ದು ಮಾತಲ್ಲ, ತೊದಲು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಸಂತೆಯ ವ್ಯಾನುಗಳ ನಡುವೆ ಆಂಬುಲೆನ್ಸ್ ಸಿಕ್ಕಿಕೊಂಡಿತ್ತು. ಸೈರನ್ ಕೇಳುತ್ತಿತ್ತು, ಗಾಡಿ ಕಾಣುತ್ತಿರಲಿಲ್ಲ.

"ನೀವು ಈ ಊರಿನೋರಲ್ವಾ? ಏನಾದ್ರೂ ಮಾಡ್ರೀ!" ಎಂದು ಕ್ಲಿಫರ್ಡ್ ಕೂಗಿದ.

ಬೆಡೋಸ್ ಆಕೆಯ ಕೈ ಹಿಡಿದು ಕೂತಿದ್ದರು, ಅಷ್ಟೇ.

ಎಲೆ ಉದುರುವ ಹೊತ್ತಿಗೆ ಇಬ್ಬರೂ ಮತ್ತೆ ಬಂದರು. ಮ್ಯೂರಿಯಲ್ ಗಾಲಿಕುರ್ಚಿಯಲ್ಲಿ. ಮಾತು ಪೂರ್ತಿ ಹೋಗಿತ್ತು.

"ಅವತ್ತು ಅರ್ಧಕ್ಕೇ ನಿಂತೋಯ್ತಲ್ಲ. ಉಳಿದದ್ದು ತೋರಿಸಿ" ಎಂದ ಕ್ಲಿಫರ್ಡ್.

ಕಲ್ಲುಹಾಸಿನ ಮೇಲೆ ಕುರ್ಚಿ ತಳ್ಳಲು ಆ ಇಬ್ಬರು ಗಂಡಸರಿಗೂ ಆಗಲಿಲ್ಲವೆಂದು, ಅಂಗಡಿ ತಂಗಿಗೆ ಬಿಟ್ಟು ನಾನೂ ಹೋದೆ. ಚರ್ಚಿನೊಳಗೆ, ಮರದ ಆಸನವೊಂದನ್ನು ಮೇಲಕ್ಕೆ ಮಡಚಿ ಅದರಡಿಯ ಕೆತ್ತನೆಯನ್ನು ಬೆಡೋಸ್ ತೋರಿಸಿದರು. ಅದರಲ್ಲಿ, ಅಳತೆಯಲ್ಲಿ ಮೋಸ ಮಾಡಿದ ಬಿಯರ್ ಮಾರುವವಳನ್ನು ದೆವ್ವವೊಂದು ನರಕಕ್ಕೆ ಹೊತ್ತೊಯ್ಯುತ್ತಿತ್ತು. ಮ್ಯೂರಿಯಲ್ ಗಂಟಲಿಂದ ಏನೋ ಸದ್ದು ಹೊರಟಿತು. ಮೈ ಕುಲುಕಿತು, ಕಣ್ಣೀರು ಸುರಿಯಿತು.

"ನಗ್ತಿದ್ದಾರಾ?" ಬೆಡೋಸ್ ಮೆಲ್ಲಗೆ ಕೇಳಿದರು.

"ಗೊತ್ತಾಗಲ್ಲ ರೀ. ಇಷ್ಟು ವರ್ಷ ಜೊತೇಲಿ ಬಾಳಿದೀನಿ, ನಂಗೇ ಗೊತ್ತಾಗಲ್ಲ."

ಹೊರಗೆ ಕರೆದೊಯ್ಯಲೆಂದು ನಾನು ಕುರ್ಚಿ ತಿರುಗಿಸಿದೆ. ಆಕೆ ಸ್ವಾಧೀನವಿದ್ದ ಕೈಯಿಂದ ಆಸನದ ಅಂಚು ಹಿಡಿದುಕೊಂಡಳು. ಮತ್ತೆ ಕೆತ್ತನೆಯ ಕಡೆ ತಿರುಗಿಸಿದರೆ ಸದ್ದು ಇನ್ನೂ ಜೋರಾಯಿತು. ಪ್ರಾರ್ಥನೆಗೆ ಕೂತವರು ತಿರುಗಿ ನೋಡತೊಡಗಿದರು. ಕ್ಲಿಫರ್ಡ್ ಅವಳ ಬೆರಳು ಒಂದೊಂದಾಗಿ ಬಿಡಿಸಿದ.

ಅವರ ಕಾರು ಹೋದ ಮೇಲೆ ಬೆಡೋಸ್ ನನ್ನ ಅಂಗಡಿಯ ಹಿಂದೆ ಪೆಟ್ಟಿಗೆಯ ಮೇಲೆ ಕೂತರು.

"ಮುಂದಿನ ತಿಂಗಳೂ ಕರ್ಕೊಂಡು ಬರ್ತೀನಿ ಅಂದ. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಬನ್ನಿ ಅನ್ನೋಕೂ ಬರ್ಲಿಲ್ಲ."